ನಾವು ಉಸಿರಾಡುವ ಗಾಳಿ: ವಾಯುಮಾಲಿನ್ಯ ಮತ್ತು ಮಾನವನ ಆರೋಗ್ಯ

ಉಣ್ಣುವ ಅನ್ನವನ್ನು ನಾವು ಆರಿಸಿಕೊಳ್ಳಬಹುದು. ಕುಡಿಯುವ ನೀರನ್ನು ಸೋಸಬಹುದು, ಕಾಯಿಸಬಹುದು, ಸಂಶಯ ಬಂದರೆ ಚೆಲ್ಲಿಬಿಡಲೂಬಹುದು. ಗಾಳಿಯ ವಿಷಯದಲ್ಲಿ ಮಾತ್ರ ಮನುಷ್ಯನಿಗೆ ಇಂತಹ ಆಯ್ಕೆ ಇಲ್ಲ. ತಾನು ಇರುವ ಸ್ಥಳದಲ್ಲಿ ಯಾವ ಗಾಳಿ ಇದೆಯೋ ಅದನ್ನೇ ಅವನು ಉಸಿರಾಡಬೇಕು. ಎಚ್ಚರದಲ್ಲಿಯೂ ನಿದ್ರೆಯಲ್ಲಿಯೂ ಉಸಿರಾಡುತ್ತಲೇ ಇರಬೇಕು.

ಮನುಷ್ಯನು ದಿನವೊಂದಕ್ಕೆ 21,600 ಬಾರಿ ಉಸಿರಾಡುತ್ತಾನೆ ಎಂದು ನಮ್ಮ ಯೋಗಶಾಸ್ತ್ರದ ಗ್ರಂಥಗಳು ಹೇಳುತ್ತವೆ. ನಿಮಿಷಕ್ಕೆ 15 ಉಸಿರಿನಂತೆ ಲೆಕ್ಕ ಹಾಕಿದರೆ ಇಂದಿನ ಶರೀರಶಾಸ್ತ್ರವೂ ಇದೇ ಸಂಖ್ಯೆಯನ್ನು ಕೊಡುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನು ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಾನೆ. ಅಂದರೆ ದಿನಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು. ತೂಕದ ಲೆಕ್ಕದಲ್ಲಿ ಇದು ಸುಮಾರು 13 ಕಿಲೋಗ್ರಾಂ ಆಗುತ್ತದೆ. ನಾವು ದಿನವಿಡೀ ಉಣ್ಣುವ ಆಹಾರ ಮತ್ತು ಕುಡಿಯುವ ನೀರು ಎರಡನ್ನೂ ಸೇರಿಸಿದರೂ ಇದರ ಅರ್ಧದಷ್ಟು ಆಗುವುದಿಲ್ಲ. ಇಷ್ಟು ಪ್ರಮಾಣದಲ್ಲಿ ದೇಹವನ್ನು ಪ್ರವೇಶಿಸುವ ವಸ್ತು ಕಲುಷಿತವಾದರೆ ಅದರ ಪರಿಣಾಮ ಎಷ್ಟು ವ್ಯಾಪಕವಾಗಿರಬಲ್ಲದೆಂಬುದನ್ನು ಪ್ರತಿಯೊಬ್ಬ ನಾಗರಿಕನೂ ತಿಳಿದಿರುವುದು ಅವಶ್ಯಕ.

ವಾಯುಮಾಲಿನ್ಯವೆಂದರೇನು?

ಶುದ್ಧವಾದ ಒಣ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕ, ಶೇಕಡಾ 21ರಷ್ಟು ಆಮ್ಲಜನಕ, ಶೇಕಡಾ ಒಂದಕ್ಕಿಂತ ಸ್ವಲ್ಪ ಕಡಿಮೆ ಆರ್ಗಾನ್ ಹಾಗೂ ಅತ್ಯಲ್ಪ ಪ್ರಮಾಣದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಇತರ ಅನಿಲಗಳು ಇರುತ್ತವೆ. ಮಾನವರಿಗೆ, ಇತರ ಜೀವಿಗಳಿಗೆ, ಸಸ್ಯಗಳಿಗೆ, ಆಸ್ತಿಪಾಸ್ತಿಗೆ ಅಥವಾ ಪರಿಸರಕ್ಕೆ ಹಾನಿಕರವಾಗುವಷ್ಟು ಸಾಂದ್ರತೆಯಲ್ಲಿ ಗಾಳಿಯಲ್ಲಿ ಇರುವ ಯಾವುದೇ ಘನ, ದ್ರವ ಅಥವಾ ಅನಿಲ ಪದಾರ್ಥವನ್ನು ನಮ್ಮ ದೇಶದ ಕಾನೂನು ವಾಯುಮಾಲಿನ್ಯಕಾರಕವೆಂದು ಕರೆಯುತ್ತದೆ. ಇಲ್ಲಿ ಸಾಂದ್ರತೆ ಎಂಬ ಪದ ಮುಖ್ಯವಾದುದು. ಧೂಳು ಮತ್ತು ಹೊಗೆ ಪ್ರಕೃತಿಯಲ್ಲಿ ಎಂದಿನಿಂದಲೂ ಇವೆ. ಮರುಭೂಮಿಯ ಬಿರುಗಾಳಿ, ಕಾಡ್ಗಿಚ್ಚು, ಜ್ವಾಲಾಮುಖಿ ಇವುಗಳಿಂದಲೂ ಗಾಳಿ ಕಲುಷಿತವಾಗುತ್ತದೆ. ಆದರೆ ಮಳೆ, ಗಾಳಿ ಮತ್ತು ಹಸಿರು ಗಿಡಮರಗಳು ಶುದ್ಧಗೊಳಿಸಬಲ್ಲ ಪ್ರಮಾಣವನ್ನು ಮೀರಿ ಮನುಷ್ಯನು ಹೊಗೆಯನ್ನು ಹೊರಸೂಸತೊಡಗಿದಾಗ ಸಮಸ್ಯೆ ಆರಂಭವಾಗುತ್ತದೆ.

ನಮ್ಮ ನಗರಗಳಲ್ಲಿ ಈ ಹೊಗೆಯ ಮೂಲಗಳು ಹಲವು: ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳು, ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳು, ಕಾರ್ಖಾನೆಗಳು, ಇಟ್ಟಿಗೆ ಗೂಡುಗಳು, ಡೀಸೆಲ್ ಜನರೇಟರುಗಳು, ಕಟ್ಟಡ ಕಾಮಗಾರಿ ಮತ್ತು ಹದಗೆಟ್ಟ ರಸ್ತೆಗಳಿಂದೇಳುವ ಧೂಳು, ಬೀದಿಬದಿಯಲ್ಲಿ ಸುಡುವ ಕಸ, ಹೊಲಗಳಲ್ಲಿ ಸುಡುವ ಕೂಳೆ ಮತ್ತು ಕೋಟ್ಯಂತರ ಮನೆಗಳ ಸೌದೆ ಒಲೆಗಳು.

ಮುಖ್ಯ ಮಾಲಿನ್ಯಕಾರಕಗಳು

ಇವುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು. ಹತ್ತು ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ವ್ಯಾಸದ ಕಣಗಳನ್ನು ಪಿ.ಎಂ. 10 ಎಂದೂ, ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕವನ್ನು ಪಿ.ಎಂ. 2.5 ಎಂದೂ ಕರೆಯಲಾಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್ ಇರುವುದರಿಂದ, ಅದರ ಅಡ್ಡಗಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಿ.ಎಂ. 2.5 ಕಣಗಳನ್ನು ಸಾಲಾಗಿ ಜೋಡಿಸಬಹುದು. ಬೀದಿಯ ಧೂಳು ಬಹುಮಟ್ಟಿಗೆ ದಪ್ಪ ಕಣಗಳಿಂದ ಕೂಡಿರುತ್ತದೆ. ಇಂಧನ ಉರಿದಾಗ ಹುಟ್ಟುವ ಮಸಿ ಮತ್ತು ಅನಿಲಗಳಿಂದ ಗಾಳಿಯಲ್ಲಿಯೇ ರೂಪುಗೊಳ್ಳುವ ಲವಣಗಳು ಅತಿ ಸಣ್ಣ ಕಣಗಳಾಗಿರುತ್ತವೆ.

ಗಂಧಕದ ಅಂಶವಿರುವ ಕಲ್ಲಿದ್ದಲು ಮತ್ತು ತೈಲಗಳು ಉರಿದಾಗ ಗಂಧಕದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಇದು ಶ್ವಾಸನಾಳಗಳನ್ನು ಸಂಕುಚಿತಗೊಳಿಸುವುದಲ್ಲದೆ ತೇವಾಂಶದೊಡನೆ ಸೇರಿ ಆಮ್ಲವಾಗಿ ಪರಿಣಮಿಸುತ್ತದೆ. ಹೆಚ್ಚಿನ ಉಷ್ಣತೆಯಲ್ಲಿ ಇಂಧನ ಉರಿಯುವಲ್ಲೆಲ್ಲ ಸಾರಜನಕದ ಆಕ್ಸೈಡುಗಳು ಹುಟ್ಟುತ್ತವೆ. ಇವು ಬಿಸಿಲಿನಲ್ಲಿ ಹೈಡ್ರೋಕಾರ್ಬನ್ನುಗಳೊಡನೆ ವರ್ತಿಸಿ ಓಜೋನನ್ನು ಉಂಟುಮಾಡುತ್ತವೆ. ವಾಯುಮಂಡಲದ ಮೇಲ್ಪದರದಲ್ಲಿ ನಮ್ಮನ್ನು ಅತಿನೇರಳೆ ಕಿರಣಗಳಿಂದ ಕಾಪಾಡುವ ಇದೇ ಓಜೋನ್, ನೆಲಮಟ್ಟದಲ್ಲಿ ಶ್ವಾಸಕೋಶಕ್ಕೆ ಶತ್ರು.

ಇಂಧನವು ಅಪೂರ್ಣವಾಗಿ ಉರಿದಾಗ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹೀಮೋಗ್ಲೋಬಿನ್, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವಿನಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಚಳಿಗಾಲದಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋಗುವುದಕ್ಕೆ ಇದೇ ಕಾರಣ. ಇವಲ್ಲದೆ, ರಕ್ತದ ಅರ್ಬುದಕ್ಕೆ ಕಾರಣವಾಗುವ ಬೆಂಜೀನ್, ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಸೀಸ, ಅಮೋನಿಯ ಮೊದಲಾದವೂ ನಗರದ ಗಾಳಿಯಲ್ಲಿ ಸೇರಿರುತ್ತವೆ.

ಶ್ವಾಸಕೋಶದ ಒಳಗೆ ನಡೆಯುವುದೇನು?

ದೇಹಕ್ಕೆ ತನ್ನದೇ ಆದ ರಕ್ಷಣಾ ವ್ಯವಸ್ಥೆಯಿದೆ. ಮೂಗಿನ ರೋಮಗಳು ದೊಡ್ಡ ಧೂಳಿನ ಕಣಗಳನ್ನು ತಡೆಯುತ್ತವೆ. ಶ್ವಾಸನಾಳಗಳ ಒಳಗೋಡೆಯ ಲೋಳೆಯು ಮಧ್ಯಮ ಗಾತ್ರದ ಕಣಗಳನ್ನು ಅಂಟಿಸಿಕೊಳ್ಳುತ್ತದೆ. ಅಲ್ಲಿರುವ ಅತಿ ಸೂಕ್ಷ್ಮವಾದ ರೋಮಕಗಳು ಸದಾ ಬಡಿಯುತ್ತ ಆ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಕೆಮ್ಮು ಮತ್ತು ಸೀನುಗಳು ಉಳಿದುದನ್ನು ಹೊರಹಾಕುತ್ತವೆ. ಸಾವಿರಾರು ವರ್ಷಗಳಿಂದ ಮನುಷ್ಯನು ಹೊಲದ ಧೂಳಿನಲ್ಲಿ ದುಡಿದು ಬದುಕಿದ್ದು ಈ ವ್ಯವಸ್ಥೆಯ ಬಲದಿಂದ.

ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದ ಕಣಗಳು ಮಾತ್ರ ಈ ಎಲ್ಲ ಕಾವಲುಗಳನ್ನೂ ದಾಟಿ ವಾಯುಕೋಶಗಳನ್ನು ತಲುಪುತ್ತವೆ. ವಯಸ್ಕನ ಶ್ವಾಸಕೋಶಗಳಲ್ಲಿ ಮೂವತ್ತು ಕೋಟಿಗೂ ಹೆಚ್ಚು ವಾಯುಕೋಶಗಳಿವೆ. ಅವುಗಳ ಗೋಡೆ ಅತ್ಯಂತ ತೆಳುವಾದುದು, ಏಕೆಂದರೆ ಅದರ ಮೂಲಕವೇ ಆಮ್ಲಜನಕ ರಕ್ತಕ್ಕೆ ಹಾದುಹೋಗಬೇಕು. ಅಲ್ಲಿಗೆ ಬಂದು ನೆಲೆಸಿದ ಮಸಿಯ ಕಣವನ್ನು ನುಂಗಲು ರಕ್ಷಕ ಕೋಶಗಳು ಧಾವಿಸುತ್ತವೆ. ಜೀರ್ಣಿಸಿಕೊಳ್ಳಲಾಗದ ಆ ಕಣದೊಡನೆ ಹೋರಾಡುತ್ತ ಅವು ಉರಿಯೂತವನ್ನು ಉಂಟುಮಾಡುತ್ತವೆ. ದಿನದಿನವೂ ಮರುಕಳಿಸುವ ಈ ಉರಿಯೂತದಿಂದ ಶ್ವಾಸನಾಳಗಳ ಗೋಡೆ ದಪ್ಪಗಾಗುತ್ತದೆ, ವಾಯುಕೋಶಗಳು ನಾಶವಾಗುತ್ತವೆ. ದೀರ್ಘಕಾಲದ ಕೆಮ್ಮು, ಕಫ, ಮೆಟ್ಟಿಲು ಹತ್ತುವಾಗಿನ ಏದುಸಿರು ಇವು ಅದರ ಹೊರಲಕ್ಷಣಗಳು. ಗೂರಲು ರೋಗಿಗಳಲ್ಲಿ ಉಬ್ಬಸ ಪದೇಪದೇ ಕಾಣಿಸಿಕೊಳ್ಳುತ್ತದೆ.

ಹಾನಿ ಶ್ವಾಸಕೋಶಕ್ಕೆ ಮಾತ್ರ ಸೀಮಿತವಾಗಿಲ್ಲ. ಉರಿಯೂತದ ರಾಸಾಯನಿಕಗಳು ಮತ್ತು ಕಣಗಳಲ್ಲಿ ಅತಿ ಸಣ್ಣವು ರಕ್ತಪ್ರವಾಹವನ್ನು ಸೇರುತ್ತವೆ. ರಕ್ತನಾಳಗಳ ಒಳಪದರ ಗಡುಸಾಗುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಹೃದಯಾಘಾತ ಮತ್ತು ಪಾರ್ಶ್ವವಾಯು ಮಲಿನ ಗಾಳಿಯ ಪ್ರಮುಖ ಪರಿಣಾಮಗಳ ಸಾಲಿಗೆ ಸೇರಿರುವುದು ಹೀಗೆ. ಅರ್ಬುದ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನೂ, 2013ರಲ್ಲಿ ಹೊರಾಂಗಣದ ಮಲಿನ ವಾಯುವನ್ನೂ ಮನುಷ್ಯರಲ್ಲಿ ಅರ್ಬುದ ಉಂಟುಮಾಡುವುದು ಖಚಿತವಾಗಿರುವ ವಸ್ತುಗಳ ವರ್ಗಕ್ಕೆ ಸೇರಿಸಿತು. ತಂಬಾಕಿನ ಹೊಗೆಯೂ ಇದೇ ವರ್ಗಕ್ಕೆ ಸೇರಿದುದು.

ಹೆಚ್ಚಿನ ಅಪಾಯ ಯಾರಿಗೆ?

ಒಂದೇ ಗಾಳಿಯನ್ನು ಎಲ್ಲರೂ ಉಸಿರಾಡಿದರೂ ಎಲ್ಲರಿಗೂ ಆಗುವ ಹಾನಿ ಒಂದೇ ಅಲ್ಲ. ಮಕ್ಕಳು ತಮ್ಮ ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಸೇವಿಸುತ್ತಾರೆ. ಅವರ ಮೂಗು ವಾಹನಗಳ ಹೊಗೆಕೊಳವೆಯ ಎತ್ತರಕ್ಕೆ ಸಮೀಪವಾಗಿರುತ್ತದೆ. ಶ್ವಾಸಕೋಶಗಳು ಹದಿಹರೆಯದ ಕೊನೆಯವರೆಗೂ ಬೆಳೆಯುತ್ತಿರುತ್ತವೆ. ಆ ವಯಸ್ಸಿನಲ್ಲಿ ಕುಂಠಿತವಾದ ಬೆಳವಣಿಗೆ ಜೀವಮಾನದ ಕೊರತೆಯಾಗಿ ಉಳಿಯಬಹುದು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಶಾಲಾಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸಿದ ವಿಜ್ಞಾನಿಗಳು, ಮಲಿನ ಗಾಳಿಯ ಊರುಗಳಲ್ಲಿ ಬೆಳೆದವರ ಶ್ವಾಸಕೋಶದ ಸಾಮರ್ಥ್ಯ ಕಡಿಮೆಯಾಗಿರುವುದನ್ನು ಕಂಡುಕೊಂಡರು. ಅಲ್ಲಿನ ಗಾಳಿ ಶುದ್ಧವಾಗುತ್ತ ಬಂದಂತೆ ಮುಂದಿನ ಪೀಳಿಗೆಯ ಮಕ್ಕಳ ಶ್ವಾಸಕೋಶಗಳು ಉತ್ತಮವಾಗಿ ಬೆಳೆದವೆಂಬುದನ್ನೂ ಅದೇ ಅಧ್ಯಯನ 2015ರಲ್ಲಿ ದೃಢಪಡಿಸಿತು. ಹಾನಿಯ ಜೊತೆಗೆ ಪರಿಹಾರದ ಸಾಧ್ಯತೆಯನ್ನೂ ತೋರಿಸಿಕೊಟ್ಟ ಈ ಅಧ್ಯಯನ ಆಶಾದಾಯಕವಾದುದು.

ಗರ್ಭಿಣಿಯರು ಮಲಿನ ಗಾಳಿಯನ್ನು ಸೇವಿಸಿದರೆ ಶಿಶುವು ಅವಧಿಗೆ ಮೊದಲೇ ಅಥವಾ ಕಡಿಮೆ ತೂಕದಿಂದ ಜನಿಸುವ ಸಂಭವ ಹೆಚ್ಚು. ವೃದ್ಧರು, ಹೃದ್ರೋಗಿಗಳು, ಗೂರಲು ಮತ್ತು ಮಧುಮೇಹ ಇರುವವರು ಸುಲಭವಾಗಿ ತೊಂದರೆಗೆ ಒಳಗಾಗುತ್ತಾರೆ. ವೃತ್ತಿಯ ಕಾರಣದಿಂದ ಅಪಾಯಕ್ಕೆ ಒಡ್ಡಿಕೊಂಡವರೂ ಇದ್ದಾರೆ: ಸಂಚಾರಿ ಪೊಲೀಸರು, ಆಟೋರಿಕ್ಷಾ ಚಾಲಕರು, ಬೀದಿ ವ್ಯಾಪಾರಿಗಳು, ರಸ್ತೆ ಗುಡಿಸುವ ಪೌರಕಾರ್ಮಿಕರು, ಕಟ್ಟಡ ಕಾರ್ಮಿಕರು. ಮಹಾನಗರಗಳಲ್ಲಿ ಕಟ್ಟಡ ಕಟ್ಟುವವರು ಹಾಗೂ ಹೋಟೆಲುಗಳ ಒಲೆಯ ಮುಂದೆ ದುಡಿಯುವವರು ಹೆಚ್ಚಾಗಿ ದೂರದ ಊರುಗಳಿಂದ ವಲಸೆ ಬಂದವರು. ಅವರಲ್ಲಿ ನಮ್ಮ ಭಾಷೆಯ ಜನರೂ ಇದ್ದಾರೆ. ಬೆಲೆಬಾಳುವ ಗಾಳಿಶೋಧಕ ಯಂತ್ರಗಳು ಇವರ ಕೈಗೆಟುಕುವುದಿಲ್ಲ. ಹೊಗೆ ಹೆಚ್ಚಿದ ದಿನ ಮನೆಯೊಳಗೇ ಉಳಿಯಿರಿ ಎಂಬ ಸಲಹೆಯನ್ನು ಪಾಲಿಸಿದರೆ ಅಂದಿನ ಕೂಲಿ ಇವರಿಗೆ ದೊರೆಯುವುದಿಲ್ಲ.

ಲಂಡನ್ ಕಲಿಸಿದ ಪಾಠ

ಹೊಗೆಯಿಂದ ಜನ ಸಾಯುತ್ತಾರೆಂಬುದನ್ನು ಜಗತ್ತು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. 1930ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಮ್ಯೂಸ್ ಕಣಿವೆಯಲ್ಲಿ ಕಾರ್ಖಾನೆಗಳ ಹೊಗೆ ಮಂಜಿನೊಡನೆ ಬೆರೆತು 60ಕ್ಕೂ ಹೆಚ್ಚು ಜನ ಮೃತಪಟ್ಟರು. 1948ರಲ್ಲಿ ಅಮೆರಿಕದ ಡೊನೋರಾ ಎಂಬ ಸಣ್ಣ ಊರಿನಲ್ಲಿ ಇಂಥದೇ ದುರಂತ ನಡೆದು 20 ಜನ ಸತ್ತರು, ಸಾವಿರಾರು ಜನ ಕಾಯಿಲೆಬಿದ್ದರು.

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ದಟ್ಟ ಹೊಗೆಮಂಜು ಮುಸುಕಿತು. ಚಳಿಗೆ ಮನೆಮನೆಯಲ್ಲೂ ಉರಿಸಿದ ಕಲ್ಲಿದ್ದಲಿನ ಹೊಗೆ ಮೇಲೇರಲಾಗದೆ ನೆಲದ ಮೇಲೆಯೇ ನಿಂತಿತು. ಹಗಲಿನಲ್ಲಿಯೇ ಬಸ್ಸುಗಳ ಸಂಚಾರ ನಿಂತಿತು. ಮಂಜು ಕರಗಿದ ಬಳಿಕ ಮರಣಗಳ ಲೆಕ್ಕ ಕೂಡಿಸಿದಾಗಷ್ಟೇ ಸಂಭವಿಸಿದ ಅನಾಹುತದ ಅರಿವಾಯಿತು. ಸಾಮಾನ್ಯವಾಗಿ ಆಗುವುದಕ್ಕಿಂತ ಸುಮಾರು 4,000 ಹೆಚ್ಚು ಸಾವುಗಳು ಸಂಭವಿಸಿದ್ದವು. ಮುಂದಿನ ತಿಂಗಳುಗಳ ಸಾವುಗಳನ್ನೂ ಪರಿಗಣಿಸಿದ ಇತ್ತೀಚಿನ ಅಂದಾಜು ಈ ಸಂಖ್ಯೆ 12,000ದಷ್ಟಿರಬಹುದೆನ್ನುತ್ತದೆ. 1956ರಲ್ಲಿ ಬ್ರಿಟನ್ ಶುದ್ಧ ವಾಯು ಕಾಯಿದೆಯನ್ನು ಜಾರಿಗೆ ತಂದಿತು. ಕಲ್ಲಿದ್ದಲ ಒಲೆಗಳ ಸ್ಥಾನದಲ್ಲಿ ಹೊಗೆರಹಿತ ಇಂಧನಗಳು ಬಂದವು.

ಈ ಘಟನೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸತ್ತವರ ಮರಣಪತ್ರಗಳಲ್ಲಿ ಬರೆದದ್ದು ಶ್ವಾಸನಾಳದ ಊತ, ನ್ಯುಮೋನಿಯ, ಹೃದಯಾಘಾತ ಎಂದು. ಹೊಗೆ ಎಂದಲ್ಲ. ಇಂದಿಗೂ ಸ್ಥಿತಿ ಹಾಗೆಯೇ ಇದೆ. ಮಲಿನ ಗಾಳಿ ಹೊಸದೊಂದು ರೋಗವನ್ನು ತರುವುದಿಲ್ಲ. ಇರುವ ರೋಗಗಳನ್ನು ಹೆಚ್ಚಿಸುತ್ತದೆ, ಬೇಗ ತರುತ್ತದೆ. ಆದ್ದರಿಂದ ಅದರ ಪಾತ್ರವನ್ನು ಒಬ್ಬೊಬ್ಬ ರೋಗಿಯಲ್ಲಿ ಬೆರಳಿಟ್ಟು ತೋರಿಸಲಾಗದು, ಇಡೀ ಜನಸಮುದಾಯದ ಲೆಕ್ಕದಿಂದಲೇ ಅಳೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಭಾಗಿತ್ವದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವು, 2019ರಲ್ಲಿ ನಮ್ಮ ದೇಶದ ಸುಮಾರು 16.7 ಲಕ್ಷ ಮರಣಗಳಿಗೆ, ಅಂದರೆ ಒಟ್ಟು ಮರಣಗಳ ಶೇಕಡಾ 17.8ಕ್ಕೆ, ವಾಯುಮಾಲಿನ್ಯ ಕಾರಣವೆಂದು ಅಂದಾಜು ಮಾಡಿತು.

ನಮ್ಮ ನಗರಗಳ ಗಾಳಿ

ಸಾಮಾನ್ಯವಾಗಿ ನೆಲದಿಂದ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ನೆಲದ ಬಿಸಿ ಗಾಳಿ ಹಗುರವಾಗಿ ಮೇಲೇರುತ್ತ ಹೊಗೆಯನ್ನೂ ಕೊಂಡೊಯ್ಯುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ನೆಲ ಬೇಗನೆ ತಣ್ಣಗಾಗುವುದರಿಂದ ಕೆಳಗೆ ತಂಪು ಗಾಳಿ, ಅದರ ಮೇಲೆ ಬಿಸಿ ಗಾಳಿಯ ಪದರ ಎಂಬ ವಿಲೋಮ ಸ್ಥಿತಿ ಏರ್ಪಡುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದಂತೆ ಹೊಗೆ ಕೆಳಗೇ ಉಳಿಯುತ್ತದೆ. ಕಾರ್ಖಾನೆಗಳೂ ವಾಹನಗಳೂ ವರ್ಷವಿಡೀ ಅಷ್ಟೇ ಹೊಗೆ ಉಗುಳಿದರೂ ಚಳಿಗಾಲದಲ್ಲಿ ಮಾಲಿನ್ಯ ಉಲ್ಬಣಿಸುವುದು ಇದರಿಂದ.

ದೆಹಲಿಗೆ ಸಮುದ್ರದ ಗಾಳಿಯ ಅನುಕೂಲವಿಲ್ಲ. ಅಕ್ಟೋಬರ್ ಕೊನೆ ಮತ್ತು ನವೆಂಬರಿನಲ್ಲಿ ಪಂಜಾಬ್ ಹಾಗೂ ಹರಿಯಾಣದ ಭತ್ತದ ಕೂಳೆಯ ಹೊಗೆ ಅಲ್ಲಿನ ಸ್ವಂತ ಹೊಗೆಯೊಡನೆ ಸೇರುತ್ತದೆ. ಇದಕ್ಕೆ ರೈತನನ್ನಷ್ಟೇ ದೂರುವುದು ಸರಿಯಲ್ಲ. ಅಂತರ್ಜಲವನ್ನು ಉಳಿಸುವ ಉದ್ದೇಶದಿಂದ ಆ ರಾಜ್ಯಗಳು 2009ರಲ್ಲಿ ಜಾರಿಗೆ ತಂದ ಕಾಯಿದೆಗಳು ಭತ್ತದ ನಾಟಿಯನ್ನು ಮುಂಗಾರಿನ ಸಮೀಪಕ್ಕೆ ಮುಂದೂಡಿದವು. ಅದರಿಂದ ಕೊಯ್ಲೂ ತಡವಾಗಿ, ಗೋಧಿ ಬಿತ್ತನೆಗೆ ಮುನ್ನ ಹೊಲ ಹಸನು ಮಾಡಲು ಉಳಿಯುವ ಸಮಯ ತೀರ ಕಡಿಮೆಯಾಯಿತು. ಒಂದು ಸಂಪನ್ಮೂಲವನ್ನು ಕಾಯಲು ಹೊರಟಾಗ ಇನ್ನೊಂದಕ್ಕೆ ಹೇಗೆ ಧಕ್ಕೆ ಬರಬಹುದೆಂಬುದಕ್ಕೆ ಇದು ನಿದರ್ಶನ.

ಮುಂಬಯಿಯಲ್ಲಿ ಕಡಲ ಗಾಳಿ ಹೊಗೆಯನ್ನು ಚದುರಿಸುತ್ತದೆಂಬ ಭರವಸೆ ಬಹುಕಾಲದಿಂದ ಇದೆ. ಆದರೂ ತೈಲ ಶುದ್ಧೀಕರಣಾಗಾರಗಳು, ರಸಗೊಬ್ಬರ ಕಾರ್ಖಾನೆ ಮತ್ತು ವಿದ್ಯುತ್ ಸ್ಥಾವರಗಳ ನೆರೆಯ ಚೆಂಬೂರನ್ನು ಜನರು ಒಂದು ಕಾಲದಲ್ಲಿ ಗ್ಯಾಸ್ ಚೇಂಬರ್ ಎಂದೇ ಕರೆಯುತ್ತಿದ್ದರು. ಅದೇ ನಗರದ ಕೆ.ಇ.ಎಂ. ಆಸ್ಪತ್ರೆಯ ಡಾ. ಎಸ್. ಆರ್. ಕಾಮತ್ ಮತ್ತು ಸಂಗಡಿಗರು ಲಾಲ್‌ಬಾಗ್, ಚೆಂಬೂರ್ ಹಾಗೂ ಖಾರ್ ನಿವಾಸಿಗಳನ್ನು ಹಳ್ಳಿಯ ನಿವಾಸಿಗಳೊಡನೆ ಹೋಲಿಸಿ, ಮಾಲಿನ್ಯಕ್ಕೂ ಉಸಿರಾಟದ ತೊಂದರೆಗಳಿಗೂ ಇರುವ ನಂಟನ್ನು ಅಧ್ಯಯನ ಮಾಡಿದರು. ಈ ಕ್ಷೇತ್ರದಲ್ಲಿ ನಮ್ಮ ದೇಶದಲ್ಲಿ ನಡೆದ ಆರಂಭಿಕ ಪ್ರಯತ್ನಗಳಲ್ಲಿ ಇದೂ ಒಂದು. 2016ರ ಜನವರಿಯಲ್ಲಿ ದೇವನಾರ್ ಕಸದ ರಾಶಿಗೆ ಬಿದ್ದ ಬೆಂಕಿಯ ಹೊಗೆ ಹಲವು ದಿನ ನಗರವನ್ನು ಕಾಡಿತು. ಚೆನ್ನೈಯಲ್ಲಿಯೂ ಕಡಲಿದೆ. ಆದರೆ ಭೋಗಿ ಹಬ್ಬದ ಮುಂಜಾನೆ ಹಳೆಯ ಬಟ್ಟೆ, ಟೈರು, ಪ್ಲಾಸ್ಟಿಕ್ಕುಗಳನ್ನು ಸುಡುವುದರಿಂದ ಏಳುವ ಹೊಗೆ ವಿಮಾನಗಳ ಸಂಚಾರಕ್ಕೂ ಅಡ್ಡಿಯಾದುದುಂಟು. ಪುಣೆಯ ಸುತ್ತ ಬೆಟ್ಟಗಳಿವೆ. ಹೈದರಾಬಾದು ಕಡಲಿನಿಂದ ದೂರದ ಪ್ರಸ್ಥಭೂಮಿಯಲ್ಲಿದೆ. ಎರಡೂ ನಗರಗಳಲ್ಲಿ ವಾಹನಗಳ ಸಂಖ್ಯೆ ಮತ್ತು ಕಟ್ಟಡ ಕಾಮಗಾರಿ ತೀವ್ರವಾಗಿ ಬೆಳೆದಿವೆ.

ಅಡುಗೆಮನೆಯ ಹೊಗೆ

ವಾಯುಮಾಲಿನ್ಯವೆಂದರೆ ಬೀದಿಯ ಹೊಗೆ ಮಾತ್ರವಲ್ಲ. ಸೌದೆ, ಬೆರಣಿ, ಕೂಳೆಕಡ್ಡಿಗಳ ಒಲೆಯ ಮುಂದೆ ದಿನಕ್ಕೆ ಮೂರು ನಾಲ್ಕು ಗಂಟೆ ಕುಳಿತು ಅಡುಗೆ ಮಾಡುವ ಹೆಣ್ಣುಮಗಳು, ಮಗ್ಗುಲಲ್ಲಿರುವ ಅವಳ ಕೂಸು, ದೊಡ್ಡ ನಗರದ ಕೂಡುರಸ್ತೆಗಿಂತಲೂ ಮಲಿನವಾದ ಗಾಳಿಯನ್ನು ಸೇವಿಸುತ್ತಿರಬಹುದು. ಬೀಡಿ ಸಿಗರೇಟನ್ನು ಮುಟ್ಟದ ಗ್ರಾಮೀಣ ಮಹಿಳೆಯರಲ್ಲಿ ದೀರ್ಘಕಾಲದ ಶ್ವಾಸರೋಗ ಕಂಡುಬರಲು ಈ ಒಲೆಯೇ ಮುಖ್ಯ ಕಾರಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದ ವಿಜ್ಞಾನಿಗಳು ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆ ಎಂಬ ಹೆಸರು ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಪರಿಚಿತ. ಕೇಂದ್ರ ಸರ್ಕಾರವು 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. 2016ರ ಮೇ 1ರಂದು ಆರಂಭವಾದ ಪ್ರಧಾನಮಂತ್ರಿ ಉಜ್ವಲಾ ಯೋಜನೆಯಡಿ 10 ಕೋಟಿಗೂ ಹೆಚ್ಚು ಅಡುಗೆ ಅನಿಲ ಸಂಪರ್ಕಗಳನ್ನು ಬಡ ಕುಟುಂಬಗಳ ಮಹಿಳೆಯರ ಹೆಸರಿನಲ್ಲಿ ನೀಡಲಾಗಿದೆ. ಮೇಲೆ ಹೇಳಿದ 2020ರ ಅಧ್ಯಯನದಂತೆ, 1990 ಮತ್ತು 2019ರ ನಡುವೆ ಮನೆಯೊಳಗಿನ ಹೊಗೆಯಿಂದಾಗುವ ಮರಣದರ ಶೇಕಡಾ 64ರಷ್ಟು ಇಳಿಯಿತು. ಇದೇ ಅವಧಿಯಲ್ಲಿ ಹೊರಗಿನ ಗಾಳಿಯ ಕಣಗಳಿಂದಾಗುವ ಮರಣದರ ದ್ವಿಗುಣಕ್ಕಿಂತ ಹೆಚ್ಚಾಯಿತು. ಅನಿಲದ ಸಂಪರ್ಕ ದೊರೆತರೂ ಮರುಪೂರಣದ ವೆಚ್ಚ ಭರಿಸಲಾಗದೆ ಸೌದೆಗೆ ಮರಳುವ ಕುಟುಂಬಗಳು ಇರುವುದರಿಂದ ಈ ಕೆಲಸ ಇನ್ನೂ ಮುಗಿದಿಲ್ಲ.

ಕಾನೂನು ಮತ್ತು ಕಾರ್ಯಕ್ರಮಗಳು

1972ರ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಣಯಗಳಿಗೆ ಅನುಗುಣವಾಗಿ ಸಂಸತ್ತು 1981ರಲ್ಲಿ ವಾಯುಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೋಸೈನೇಟ್ ಅನಿಲ ಸಾವಿರಾರು ಜೀವಗಳನ್ನು ಬಲಿ ತೆಗೆದುಕೊಂಡ ನಂತರ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. ಮಾಲಿನ್ಯರಹಿತ ನೀರು ಮತ್ತು ಗಾಳಿ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಸಾರಿತು.

ಕಾನೂನು ಗಟ್ಟಿಯಾಗಿ ಜಾರಿಯಾದರೆ ಏನಾಗಬಲ್ಲದೆಂಬುದಕ್ಕೆ ದೆಹಲಿಯ ಬಸ್ಸುಗಳೇ ಸಾಕ್ಷಿ. ನ್ಯಾಯವಾದಿ ಎಂ. ಸಿ. ಮೆಹ್ತಾ ಅವರು 1985ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ರಾಜಧಾನಿಯ ಎಲ್ಲ ಬಸ್ಸುಗಳೂ ಸಿ.ಎನ್.ಜಿ. ಎಂದು ಪರಿಚಿತವಾದ ನೈಸರ್ಗಿಕ ಅನಿಲದಿಂದ ಓಡಬೇಕೆಂದು ಸರ್ವೋಚ್ಚ ನ್ಯಾಯಾಲಯ 1998ರ ಜುಲೈ 28ರಂದು ಆಜ್ಞಾಪಿಸಿತು. ವಿರೋಧವೂ ವಿಳಂಬವೂ ಸಾಕಷ್ಟಿದ್ದವು. ಅನಿಲ ಕೇಂದ್ರಗಳ ಮುಂದೆ ಉದ್ದುದ್ದ ಸಾಲುಗಳು ನಿಂತವು. ಕೊನೆಗೆ 2002ರ ಅಂತ್ಯದ ವೇಳೆಗೆ ನಗರದ ಡೀಸೆಲ್ ಬಸ್ಸುಗಳ ಬದಲಾವಣೆ ಪೂರ್ಣಗೊಂಡಿತು. ಆದರೆ ಖಾಸಗಿ ವಾಹನಗಳ ಸಂಖ್ಯೆ ಏರುತ್ತಲೇ ಹೋದುದರಿಂದ ಅಂದು ದೊರೆತ ಲಾಭ ಕ್ರಮೇಣ ಕರಗಿತು. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲ್ ನಿಂತುಹೋದದ್ದು ಮಕ್ಕಳ ಆರೋಗ್ಯದ ದೃಷ್ಟಿಯಿಂದ ಒಂದು ದೊಡ್ಡ ಗೆಲುವು. 2020ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಆರನೆಯ ಹಂತದ ಮಾನದಂಡಗಳು ಇಂಧನದಲ್ಲಿನ ಗಂಧಕದ ಮಿತಿಯನ್ನು ಹತ್ತು ಲಕ್ಷ ಭಾಗದಲ್ಲಿ 50ರಿಂದ 10 ಭಾಗಕ್ಕೆ ಇಳಿಸಿದವು.

2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವು ಸುಮಾರು 130 ನಗರಗಳನ್ನು ಒಳಗೊಂಡಿದೆ. ದೆಹಲಿ, ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಲ್ಲದೆ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಗಳೂ ಇದರಲ್ಲಿ ಸೇರಿವೆ.

ಸೂಚ್ಯಂಕವನ್ನು ಓದುವ ಬಗೆ

2015ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕವು ಎಂಟು ಮಾಲಿನ್ಯಕಾರಕಗಳನ್ನು ಪರಿಗಣಿಸಿ ಗಾಳಿಯ ಸ್ಥಿತಿಯನ್ನು ಒಂದೇ ಅಂಕಿಯಲ್ಲಿ ತಿಳಿಸುತ್ತದೆ. 50ರವರೆಗೆ ಉತ್ತಮ, 100ರವರೆಗೆ ಸಮಾಧಾನಕರ, 200ರವರೆಗೆ ಮಧ್ಯಮ, 300ರವರೆಗೆ ಕಳಪೆ, 400ರವರೆಗೆ ಅತಿ ಕಳಪೆ, ಅದಕ್ಕೂ ಮೇಲೆ ತೀವ್ರ. ಈ ಅಂಕಿ ಎಂಟರ ಸರಾಸರಿಯಲ್ಲ; ಅವುಗಳಲ್ಲಿ ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುವ ಒಂದರ ಅಂಕಿ. ಹಾಗೆಯೇ ಇದು ಕಣಗಳ ತೂಕವೂ ಅಲ್ಲ. ಸೂಚ್ಯಂಕ 100 ಎಂದರೆ ಒಂದು ಘನಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ ಪಿ.ಎಂ. 2.5 ಇದೆಯೆಂದಾಗಬಹುದು. ನಮ್ಮ ರಾಷ್ಟ್ರೀಯ ಮಾನದಂಡದ ಮಿತಿಯೂ ಇದೇ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ 15 ಮೈಕ್ರೋಗ್ರಾಂ ಮಾತ್ರ. ಆದಕಾರಣ ಸಮಾಧಾನಕರ ಎಂಬ ಮಾತನ್ನು ಕಂಡು ಗೂರಲು ರೋಗಿಗಳು ಪೂರ್ಣ ನಿಶ್ಚಿಂತರಾಗಬಾರದು.

ಈ ಮಾಹಿತಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ದೊರೆಯುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ರೂಪಿಸಿದ ಸಫರ್ ವ್ಯವಸ್ಥೆಯು 2010ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಪುಣೆ ಮತ್ತು ಮುಂಬಯಿಗಳಿಗೂ ವಿಸ್ತರಿಸಿತು.

ನಾವು ಮಾಡಬಹುದಾದದ್ದು

ಸೂಚ್ಯಂಕ ಕಳಪೆಯಾಗಿರುವ ದಿನಗಳಲ್ಲಿ ಮಕ್ಕಳು, ವೃದ್ಧರು ಮತ್ತು ರೋಗಿಗಳು ಹೊರಗಿನ ಶ್ರಮದ ಕೆಲಸವನ್ನು ಕಡಿಮೆ ಮಾಡಬೇಕು. ಚಳಿಗಾಲದಲ್ಲಿ ನಸುಕಿನ ವಾಯುಸೇವನೆ ಹಿತಕರವೆಂಬುದು ಹಳೆಯ ನಂಬಿಕೆ. ಆದರೆ ಹೊಗೆಯ ಮುಚ್ಚಳ ತೆರೆಯುವುದು ಬಿಸಿಲೇರಿದ ಮೇಲೆಯೇ. ಆದ್ದರಿಂದ ನಡಿಗೆಯನ್ನು ತಡವಾಗಿ ಇಟ್ಟುಕೊಳ್ಳುವುದು ಕ್ಷೇಮ. ಕರವಸ್ತ್ರವಾಗಲಿ ಬಟ್ಟೆಯ ಮುಖಗವಸಾಗಲಿ ಸೂಕ್ಷ್ಮ ಕಣಗಳನ್ನು ಸಾಕಷ್ಟು ತಡೆಯಲಾರದು. ಮುಖಕ್ಕೆ ಬಿಗಿಯಾಗಿ ಹೊಂದುವ ಎನ್-95 ಮುಖಗವಸು ಬೇಕು. ಗೂರಲು ಮತ್ತು ಹೃದ್ರೋಗದ ಔಷಧಿಗಳನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು. ಎರಡು ಮೂರು ವಾರ ಮುಂದುವರಿದ ಕೆಮ್ಮನ್ನು ಹೊಗೆಯ ಕೆಮ್ಮೆಂದು ಉಪೇಕ್ಷಿಸದೆ ಕ್ಷಯರೋಗದ ಪರೀಕ್ಷೆಯನ್ನೂ ಮಾಡಿಸಬೇಕು.

ಮನೆಯೊಳಗೆ ಧೂಮಪಾನ ಸಲ್ಲದು. ಒಂದು ಸೊಳ್ಳೆಬತ್ತಿ ಪೂರ್ಣವಾಗಿ ಉರಿದರೆ 75ಕ್ಕೂ ಹೆಚ್ಚು ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳು ಬಿಡುಗಡೆಯಾಗುತ್ತವೆಯೆಂದು 2003ರ ಅಧ್ಯಯನವೊಂದು ತಿಳಿಸಿದೆ. ಅದರ ಬದಲು ಸೊಳ್ಳೆಪರದೆ ಕಟ್ಟುವುದು ಒಳ್ಳೆಯದು. ಅಡುಗೆಮನೆಯಲ್ಲಿ ಗಾಳಿ ಆಡುವಂತಿರಬೇಕು. ಒಣಗಿದ ಎಲೆ ಮತ್ತು ಕಸವನ್ನು ಸುಡುವುದು ಕೇವಲ ಕೆಟ್ಟ ಅಭ್ಯಾಸವಲ್ಲ, ಕಾನೂನಿಗೆ ವಿರುದ್ಧವಾದ ಕೆಲಸ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ, 5,000 ರೂಪಾಯಿಯ ಹಾಗೂ ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿಯ ದಂಡವನ್ನು ಗೊತ್ತುಪಡಿಸಿತು. ವಾಹನದ ಹೊಗೆ ತಪಾಸಣೆಯನ್ನು ಪ್ರಮಾಣಪತ್ರಕ್ಕಾಗಿ ಅಲ್ಲದೆ ಮನಃಪೂರ್ವಕವಾಗಿ ಮಾಡಿಸಬೇಕು. ಸಾಧ್ಯವಾದಲ್ಲೆಲ್ಲ ಬಸ್ಸು, ರೈಲು, ಮೆಟ್ರೋಗಳನ್ನು ಬಳಸಬೇಕು.

ಆದರೆ ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಮುಖಗವಸು ಮತ್ತು ಶೋಧಕ ಯಂತ್ರಗಳು ತಾತ್ಕಾಲಿಕ ಉಪಾಯಗಳು. ಕಾಯಿಲೆಯ ಮೂಲಕ್ಕೆ ಮದ್ದಲ್ಲ. ಲಂಡನ್ನಿನಲ್ಲಿ ಗಾಳಿ ಶುದ್ಧವಾದದ್ದು ಜನರು ಮೂಗು ಮುಚ್ಚಿಕೊಂಡದ್ದರಿಂದಲ್ಲ, ಕಲ್ಲಿದ್ದಲ ಒಲೆಗಳು ಆರಿದ್ದರಿಂದ. ದೆಹಲಿಯಲ್ಲಿ ಬಸ್ಸುಗಳ ಕಪ್ಪು ಹೊಗೆ ನಿಂತದ್ದು ಇಂಧನ ಬದಲಾದುದರಿಂದ. ಶ್ರೀಮಂತನು ತನ್ನ ಕೋಣೆಯ ಗಾಳಿಯನ್ನು ಸೋಸಿಕೊಳ್ಳಬಹುದು. ಅವನ ಮಗುವೂ ಶಾಲೆಗೆ ಹೋಗುವುದು ಎಲ್ಲರೂ ನಡೆಯುವ ಬೀದಿಯಲ್ಲಿಯೇ. ಸ್ವಚ್ಛ ಇಂಧನ, ಸಮರ್ಪಕ ಸಾರ್ವಜನಿಕ ಸಾರಿಗೆ, ಕಸದ ಸರಿಯಾದ ವಿಲೇವಾರಿ, ಕಾರ್ಖಾನೆಗಳ ಮೇಲೆ ಕಟ್ಟುನಿಟ್ಟಿನ ನಿಗಾ ಇವು ಸರ್ಕಾರ, ಉದ್ದಿಮೆ ಮತ್ತು ಜನತೆ ಕೂಡಿ ಮಾಡಬೇಕಾದ ಕೆಲಸಗಳು. ಇವುಗಳನ್ನು ಅಪೇಕ್ಷಿಸುವುದು, ತಮ್ಮ ವಾರ್ಡಿನ ಪ್ರತಿನಿಧಿಯಿಂದ ಹಾಗೂ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕೇಳಿ ಪಡೆಯುವುದು ನಾಗರಿಕರ ಹಕ್ಕು. ಪರಿಸರವನ್ನು ಕಾಪಾಡುವುದು ಸಂವಿಧಾನದ 51-ಎ ವಿಧಿಯು ಪ್ರತಿಯೊಬ್ಬ ಪ್ರಜೆಗೂ ವಿಧಿಸಿರುವ ಕರ್ತವ್ಯವೂ ಹೌದು.

ಗಾಳಿಗೆ ರಾಜ್ಯದ ಗಡಿಯಿಲ್ಲ, ಭಾಷೆಯಿಲ್ಲ. ಒಬ್ಬನು ಬಿಟ್ಟ ಹೊಗೆ ಇನ್ನೊಬ್ಬನ ಉಸಿರಾಗುತ್ತದೆ. ಇಂದು ಹುಟ್ಟುವ ಮಗುವಿನ ಶ್ವಾಸಕೋಶಗಳು ಪೂರ್ಣವಾಗಿ ಬೆಳೆಯಲು ಸುಮಾರು ಇಪ್ಪತ್ತು ವರ್ಷಗಳು ಬೇಕು. ಆ ಇಪ್ಪತ್ತು ವರ್ಷಗಳಲ್ಲಿ ಅದು ಯಾವ ಗಾಳಿಯನ್ನು ಸೇವಿಸಬೇಕೆಂಬುದು ಆ ಮಗುವಿನ ಕೈಯಲ್ಲಿಲ್ಲ, ನಮ್ಮೆಲ್ಲರ ಕೈಯಲ್ಲಿದೆ.